ಮಕ್ಕಳಿಂದ ಮರೆಮಾಚುವ ಸತ್ಯ

ಮಕ್ಕಳ ಮುಂದೆ ಎಲ್ಲ ಸತ್ಯವನ್ನೂ ಹೇಳಬಹುದೇ? ಸಾವು, ಹಸಿವು, ಅಗಲಿಕೆಯ ಸುದ್ದಿಯನ್ನು ಎಳೆಯ ಮನಸ್ಸು ತಾಳಿಕೊಳ್ಳಬಲ್ಲುದೇ? ತಾಳಲಾರದೆಂದು ಭಾವಿಸಿಯೇ ಹಿರಿಯರು ಜೋಗುಳ ಹಾಡಿದರು, ಚಂದಮಾಮನನ್ನು ತೋರಿಸಿ ತುತ್ತುಣಿಸಿದರು. ಈ ಕಾಳಜಿಯು ಅಲ್ಲಾಹನು ತಾಯಿ ತಂದೆಯರ ಹೃದಯದಲ್ಲಿರಿಸಿದ ಕರುಣೆಯೇ ಆಗಿದೆ. ಅದನ್ನು ಯಾರೂ ತಪ್ಪೆನ್ನಲಾರರು.

ಆದರೆ ನಮ್ಮ ನಡತೆಯಲ್ಲೊಂದು ವೈಚಿತ್ರ್ಯವಿದೆ. ನಿಜವಾದ ಭಯವನ್ನು ಮುಚ್ಚಿಡುವ ನಾವೇ ಇಲ್ಲದ ಭಯವನ್ನು ಹುಟ್ಟಿಸುತ್ತೇವೆ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ದಖನಿ ಮಾತಾಡುವ ನಮ್ಮ ಮನೆಗಳಲ್ಲೂ ಆ ಗುಮ್ಮ ಬೇರೆ ಹೆಸರಿನಲ್ಲಿದ್ದಾನೆ. ಊಟ ಬೇಡವೆಂದ ಮಗುವಿಗೆ ಪೊಲೀಸರ ಹೆದರಿಕೆ, ಸೂಜಿಯ ಹೆದರಿಕೆ. ಅದೇ ಮನೆಯಲ್ಲಿ ಅಜ್ಜ ತೀರಿಕೊಂಡರೆ, 'ಊರಿಗೆ ಹೋಗಿದ್ದಾರೆ' ಎಂಬ ಸಮಾಧಾನ. ಎರಡೂ ಸುಳ್ಳೇ.

ಮೈಸೂರಿನ ಮಂಡಿ ಮೊಹಲ್ಲಾದಂತಹ ಕಡೆ ಮನೆಗೆ ಮನೆ ತಾಗಿಕೊಂಡಿರುತ್ತದೆ. ಒಂದು ಮನೆಯಿಂದ ಜನಾಝ ಹೊರಟರೆ ಇಡೀ ಗಲ್ಲಿಗೆ ತಿಳಿಯುತ್ತದೆ. 'ಅಬ್ಬಾ ಸೌದಿಗೆ ಹೋಗಿದ್ದಾರೆ, ಈದ್‌ಗೆ ಬರುತ್ತಾರೆ' ಎಂದು ಮನೆಯವರು ಎಷ್ಟೇ ನಂಬಿಸಿದರೂ ಆಟದ ಗೆಳೆಯನೊಬ್ಬ ನಿಜವನ್ನು ಹೇಳಿಬಿಡುತ್ತಾನೆ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಅನೇಕ ಮನೆಗಳಿಗೆ ಮಯ್ಯಿತ್ ಬರಲೇ ಇಲ್ಲ. ಆಗ ಇಂತಹ ಸುಳ್ಳು ಇನ್ನೂ ಸುಲಭವಾಯಿತು. ನಿಜ ಹೊರಬಿದ್ದ ದಿನ ಮಗು ಎರಡನ್ನು ಕಳೆದುಕೊಳ್ಳುತ್ತದೆ: ತಂದೆಯನ್ನು ಮತ್ತು ತಾಯಿಯ ಮಾತಿನ ಮೇಲಿದ್ದ ನಂಬಿಕೆಯನ್ನು.

ಇದು ಈಮಾನಿನ ಪ್ರಶ್ನೆಯೂ ಹೌದು. ಮಗು ಅಲ್ಲಾಹನನ್ನು ಕಂಡಿಲ್ಲ, ಪರಲೋಕವನ್ನು ಕಂಡಿಲ್ಲ. ಕಾಣದ ಆ ಸತ್ಯಗಳನ್ನು ಮೊದಮೊದಲು ಅದು ನಂಬುವುದು ನಮ್ಮ ಮಾತಿನ ಬಲದಿಂದ. ಕಣ್ಣೆದುರಿನ ಸಾವಿನ ಬಗ್ಗೆಯೇ ಸುಳ್ಳಾಡಿದ ಬಾಯಿ ಸ್ವರ್ಗದ ವಿಷಯ ಹೇಳಿದರೆ ಅದು ಹೇಗೆ ನಂಬೀತು?

ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ಕಲಿಸುತ್ತ ಬಂದಿರುವ 'ಗೋವಿನ ಹಾಡು' ಇಲ್ಲಿ ನೆನಪಾಗುತ್ತದೆ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳೆಂದು ಎಲ್ಲರೂ ಹೊಗಳುತ್ತೇವೆ. ಅವಳು ಕರುವಿಗೂ ಸತ್ಯವನ್ನೇ ಹೇಳಿದಳೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಮೇಯಲು ಹೋಗುತ್ತೇನೆಂದು ಹೇಳಿ ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ತಾನು ಹುಲಿಯ ಬಳಿಗೆ ಹೋಗುವುದನ್ನು ತಿಳಿಸಿದಳು, ತಬ್ಬಲಿಯಾಗುವ ಕಂದನನ್ನು ಉಳಿದ ಹಸುಗಳ ಕೈಗೊಪ್ಪಿಸಿದಳು. ಸತ್ಯದ ಜೊತೆಗೆ ಆಸರೆಯನ್ನೂ ಕೊಟ್ಟಳು.

ಇದು ಕಥೆಯ ಮಾತಾಯಿತು. ಪ್ರವಾದಿಗಳ ಚರಿತ್ರೆ ಏನು ಹೇಳುತ್ತದೆ? ಹ. ಇಬ್ರಾಹೀಮ್(ಅ) ತಮ್ಮ ಕನಸನ್ನು ಮಗನಿಂದ ಬಚ್ಚಿಡಲಿಲ್ಲ. ಅದನ್ನು ತಿಳಿಸಿ, ಮಗನ ಅಭಿಪ್ರಾಯವನ್ನೂ ಕೇಳಿದರೆಂದು ಸೂರಃ ಅಸ್ಸಾಫ್ಫಾತ್ ಹೇಳುತ್ತದೆ. ಅಬೂದಾವೂದ್‌ನ ಒಂದು ಹದೀಸ್‌ನಲ್ಲಿ ತಾಯಿಯೊಬ್ಬರು ಏನೋ ಕೊಡುತ್ತೇನೆಂದು ಮಗನನ್ನು ಕರೆಯುತ್ತಾರೆ. ಏನು ಕೊಡುವಿರೆಂದು ಪ್ರವಾದಿ(ಸ) ವಿಚಾರಿಸಿದರು. ಖರ್ಜೂರ ಎಂದರು ಆ ತಾಯಿ. ಏನನ್ನೂ ಕೊಡದಿದ್ದರೆ ಅದೊಂದು ಸುಳ್ಳೆಂದು ಬರೆಯಲ್ಪಡುತ್ತಿತ್ತು ಎಂದು ಪ್ರವಾದಿ(ಸ) ಎಚ್ಚರಿಸಿದರು. ಒಂದು ಖರ್ಜೂರದ ವಿಷಯದಲ್ಲೇ ಹೀಗಾದರೆ, ತಂದೆಯ ಮರಣದ ವಿಷಯದಲ್ಲಿ ಹೇಗೆ?

ಹಾಗೆಂದು ಎಲ್ಲವನ್ನೂ ಒಮ್ಮೆಗೇ ಹೇಳಿಬಿಡಬೇಕೆಂದಲ್ಲ. ಜನರಿಗೆ ಅವರು ಅರಿಯಬಲ್ಲಷ್ಟನ್ನು ಹೇಳಬೇಕೆಂಬ ಹ. ಅಲಿ(ರ)ಯವರ ಮಾತು ಬುಖಾರಿಯಲ್ಲಿದೆ. ಕಾಯಿಲೆಯ ವಿವರ, ಅಪಘಾತದ ಭೀಕರತೆ ಮಗುವಿಗೆ ಬೇಕಿಲ್ಲ. ಅವು ಮುಂದೆ ತಿಳಿಯಲಿ. ಆದರೆ ಸತ್ಯವನ್ನು ತಡೆದಿಡುವುದು ಬೇರೆ, ಅದರ ಜಾಗದಲ್ಲಿ ಸುಳ್ಳನ್ನು ಕೂರಿಸುವುದು ಬೇರೆ. ಮೊದಲನೆಯದು ವಿವೇಕ, ಎರಡನೆಯದು ವಂಚನೆ. ಅಬೂ ಉಮೈರ್ ಎಂಬ ಬಾಲಕನ ಪುಟ್ಟ ಹಕ್ಕಿ ಸತ್ತಾಗ ಪ್ರವಾದಿ(ಸ) ಬೇರೆ ಕಥೆ ಹೇಳಿ ಮರೆಸಲಿಲ್ಲ. ಹಕ್ಕಿಯ ಹೆಸರೆತ್ತಿಯೇ ಅಕ್ಕರೆಯಿಂದ ಮಾತಾಡಿಸಿದರು.

'ಅಬ್ಬಾ ತೀರಿಕೊಂಡರು ಮಗಾ. ಅಲ್ಲಾಹನು ಅವರನ್ನು ಕರೆಸಿಕೊಂಡ. ನಾನು ನಿನ್ನ ಜೊತೆಗಿದ್ದೇನೆ.' ಇಷ್ಟು ಸಾಕು. ಮಗು ಅಳಲಿ, ನಾವೂ ಅಳೋಣ. ಮನುಷ್ಯ ಸತ್ತ ಮೇಲೂ ಅವನಿಗೆ ತಲುಪುವವುಗಳಲ್ಲಿ ಸಜ್ಜನ ಸಂತಾನದ ಪ್ರಾರ್ಥನೆಯೂ ಒಂದೆಂದು ಪ್ರವಾದಿ(ಸ) ಕಲಿಸಿದ್ದಾರೆ. ತಂದೆ ಸೌದಿಯಲ್ಲಿದ್ದಾರೆಂದು ನಂಬಿರುವ ಮಗು ಅವರ ಮಗ್ಫಿರತ್‌ಗಾಗಿ ಕೈಯೆತ್ತುವುದಾದರೂ ಹೇಗೆ? ನಮ್ಮ ಸುಳ್ಳು ಆ ಪುಟ್ಟ ಕೈಗಳ ದುಆವನ್ನೂ ತಡೆಯುತ್ತದೆ, ಗೋರಿಯಲ್ಲಿರುವ ತಂದೆಯ ಪಾಲನ್ನೂ ಕಸಿಯುತ್ತದೆ.

ಮಕ್ಕಳೊಡನೆ ಸತ್ಯವನ್ನಾಡುವ ಧೈರ್ಯವನ್ನೂ ಅದನ್ನು ಮೃದುವಾಗಿ ಆಡುವ ವಿವೇಕವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.