ಅಪ್ಪ ಹೇಳದೆ ಉಳಿಸಿದ್ದು

ಹೆತ್ತವರು ತಾವಾಗಿ ಹೇಳದ ಸಂಗತಿಯನ್ನು ಮಕ್ಕಳು ಹುಡುಕಿಕೊಂಡು ಹೋಗಬಹುದೇ? ನಾವು ನೆಲೆಸಿರುವ ಈ ದೇಶದಲ್ಲಿ ಅನೇಕ ಮನೆಗಳು ಎದುರಿಸಿದ ಪ್ರಶ್ನೆ ಇದು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 22,000 ಆಸ್ಟ್ರೇಲಿಯನ್ನರು ಜಪಾನೀಯರ ಸೆರೆಯಾದರು. ಅವರಲ್ಲಿ ಸುಮಾರು 8,000 ಮಂದಿ ಮರಳಲಿಲ್ಲ. ಮರಳಿದವರಲ್ಲಿ ಬಹಳ ಮಂದಿ ಆ ದಿನಗಳ ಬಗ್ಗೆ ಬಾಯಿ ಬಿಡಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಚಾಂಗಿ, ಥಾಯ್ಲೆಂಡಿನ ರೈಲುಹಾದಿ, ಬೋರ್ನಿಯೋದ ಸಂಡಾಕನ್ ಎಂದು ಹುಡುಕಿಕೊಂಡು ಹೋಗುತ್ತಾರೆ.

ಇದು ಅವರ ಕಥೆ, ನಮ್ಮದಲ್ಲ ಎಂದು ಹ್ಯಾರಿಸ್ ಪಾರ್ಕಿನಲ್ಲಿ ದೋಸೆ ತಿನ್ನುತ್ತ ನಾವು ಅಂದುಕೊಳ್ಳಬಹುದು. ಆದರೆ 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ಸೆರೆಸಿಕ್ಕವರಲ್ಲಿ ಭಾರತೀಯ ಸಿಪಾಯಿಗಳೇ 40,000ಕ್ಕೂ ಹೆಚ್ಚು. ಮೈಸೂರು ಸಂಸ್ಥಾನದ ಪದಾತಿ ದಳವೂ ಅಲ್ಲಿತ್ತು. ಬೆಂಗಳೂರಿಗೆ ಹೋಗುವಾಗ ನಮ್ಮಲ್ಲಿ ಅನೇಕರು ವಿಮಾನ ಬದಲಿಸುವ ಚಾಂಗಿಯಲ್ಲಿ, ಮೊದಲ ವಿಮಾನದಾರಿಯನ್ನು ಜಪಾನೀಯರು ಯುದ್ಧಕೈದಿಗಳ ಕೈಯಲ್ಲೇ ಮಾಡಿಸಿದ್ದರು.

ನಮ್ಮವರ ಮೌನಕ್ಕೆ ಇನ್ನೊಂದು ಕಾರಣವೂ ಇತ್ತು. ಸೆರೆಯಲ್ಲಿ ಅವರ ಮುಂದೆ ಒಂದು ಆಯ್ಕೆ ಬಂತು. ಆಜಾದ್ ಹಿಂದ್ ಫೌಜಿಗೆ ಸೇರುವುದೋ, ಮೊದಲು ಕೊಟ್ಟ ಮಾತಿಗೆ ಕಟ್ಟುಬಿದ್ದು ಕೈದಿಯಾಗಿಯೇ ಉಳಿಯುವುದೋ? ಸಾವಿರಾರು ಮಂದಿ ಸೇರಿದರು, ಸಾವಿರಾರು ಮಂದಿ ಒಲ್ಲೆ ಎಂದರು. ದೇಶಪ್ರೇಮ, ನಿಷ್ಠೆ, ಹಸಿವು, ಭಯ ಎಲ್ಲವೂ ಅಲ್ಲಿ ಬೆರೆತಿದ್ದವು.

ಸೇರಲೊಲ್ಲದವರಲ್ಲಿ ಚಿಂತ್ ಸಿಂಗ್ ಒಬ್ಬರು. 1943ರಲ್ಲಿ ಅವರನ್ನೂ ಸುಮಾರು 3,000 ಭಾರತೀಯ ಕೈದಿಗಳನ್ನೂ ನ್ಯೂಗಿನಿಯ ವೆವಾಕ್‌ಗೆ ಕೂಲಿಗೆಂದು ಸಾಗಿಸಲಾಯಿತು. 1945ರ ಸೆಪ್ಟೆಂಬರಿನಲ್ಲಿ ಅಂಗೋರಮ್ ಎಂಬಲ್ಲಿ ಆಸ್ಟ್ರೇಲಿಯದ ಸೈನಿಕರು ಅವರನ್ನು ಬಿಡಿಸಿದರು. ಯುದ್ಧಾಪರಾಧಗಳ ಸಾಕ್ಷಿಗಾಗಿ ಅವರು ಹಿಂದುಳಿದರು. ಊರಿನ ದಾರಿ ಹಿಡಿದ ಹತ್ತು ಮಂದಿ ಸಂಗಾತಿಗಳು ನವೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಸ್ಟ್ರೇಲಿಯದಲ್ಲಿ ನೆಲೆಸಿದ ಅವರ ಮಗ ನರಿಂದರ್ ಸಿಂಗ್ ಪರ್ಮಾರ್ ತಂದೆಯ ಬಗ್ಗೆ ಪುಸ್ತಕ ಬರೆದರು. ಅದರಿಂದಾಗಿ ಆ ಹತ್ತು ಮಂದಿಯ ನೆನಪೂ ಉಳಿಯಿತು.

ಹಾಗಾದರೆ ಹುಡುಕುವುದು ಸರಿಯೇ? ಸರಿ ಎಂದೇ ನನಗೆ ತೋರುತ್ತದೆ, ಆದರೆ ಎರಡು ನಿಯಮಗಳಿರಬೇಕು. ಮೊದಲನೆಯದು, ತೀರ್ಪು ಕೊಡಲು ಹೋಗಬಾರದು. ಹೊಟ್ಟೆ ತುಂಬಿದ ನಾವು, ಅರೆಹೊಟ್ಟೆಯಲ್ಲಿದ್ದ ಅಪ್ಪ ಫೌಜಿಗೆ ಸೇರಿದ್ದು ತಪ್ಪೋ ಸೇರದಿದ್ದದ್ದು ತಪ್ಪೋ ಎಂದು ಅಳೆಯುವುದು ಸಲ್ಲದು. ಅಪ್ಪ ತನ್ನ ನೋವನ್ನು ಮುಚ್ಚಿಟ್ಟುಕೊಂಡಿದ್ದರೆ ಅದು ಅವರ ಹಕ್ಕು. ಅದನ್ನು ಊರೆಲ್ಲ ಸಾರಬೇಕಾಗಿಲ್ಲ.

ಎರಡನೆಯದು, ನಮ್ಮಪ್ಪನನ್ನು ಮಾತ್ರ ಹುಡುಕಿ ಬಂದರೆ ಸಾಲದು. ಅಪ್ಪನಾದರೋ ಮರಳಿ ಬಂದು, ಹೇಳುವುದೋ ಬೇಡವೋ ಎಂದು ತಾನೇ ತೀರ್ಮಾನಿಸಿದ. ಪಕ್ಕದಲ್ಲಿ ಮಲಗಿದ್ದವನು ಅಲ್ಲೇ ಕಣ್ಣು ಮುಚ್ಚಿದ್ದರೆ ಅವನಿಗೆ ಆ ಆಯ್ಕೆಯೂ ಇರಲಿಲ್ಲ, ಹುಡುಕಿ ಬರಲು ಮಕ್ಕಳೂ ಇಲ್ಲ. ತರ್ಪಣದಲ್ಲಿ ನಮ್ಮ ಹಿರಿಯರಿಗೆ ನೀರು ಬಿಟ್ಟ ಮೇಲೆ, ಬಂಧುಗಳೇ ಇಲ್ಲದವರಿಗೂ ಒಂದು ಬೊಗಸೆ ಬಿಡುವ ಪದ್ಧತಿ ನಮ್ಮಲ್ಲಿ ಇಲ್ಲವೇ?

ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ ಸಮಾಧಿ ಎಲ್ಲಿದೆಯೆಂದು ತಿಳಿಯದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಭಾರತೀಯ ಹೆಸರುಗಳೂ ಅಲ್ಲಿ ಸಾಕಷ್ಟಿವೆ. ಮುಂದಿನ ಸಲ ಊರಿಗೆ ಹೋಗುವಾಗ ದಾರಿಯಲ್ಲಿ ಒಂದು ದಿನ ಉಳಿದು ಮಕ್ಕಳೊಂದಿಗೆ ಅಲ್ಲಿಗೆ ಹೋಗಿಬನ್ನಿ. ನಿಮ್ಮ ಮನೆಯವರ ಹೆಸರು ಅಲ್ಲಿ ಇಲ್ಲದಿರಬಹುದು. ಆದರೂ ನಾಲ್ಕು ಹೆಸರುಗಳನ್ನು ಗಟ್ಟಿಯಾಗಿ ಓದಲು ಮಕ್ಕಳಿಗೆ ಹೇಳಿ.