ಮೊಳೆ ಕರಗಿದ ಮೇಲೆ

ರಾಜಾಜಿನಗರದಲ್ಲಿದ್ದ ದೊಡ್ಡಪ್ಪನ ಪ್ರೆಸ್ಸನ್ನು ಕಳೆದ ವರ್ಷ ಮುಚ್ಚಿದೆವು. ಮುಚ್ಚಿದೆವು ಅನ್ನುವುದು ದೊಡ್ಡ ಮಾತು. ಎಷ್ಟೋ ವರ್ಷಗಳಿಂದ ಅಲ್ಲಿನ ಟ್ರೆಡಲ್ ಮಷಿನ್ನು ಬಿಲ್ ಪುಸ್ತಕಕ್ಕೆ ನಂಬರ್ ಹಾಕುವುದು ಬಿಟ್ಟರೆ ಬೇರೆ ಕೆಲಸ ಮಾಡಿರಲಿಲ್ಲ. ಕೊನೆಗೆ ಉಳಿದದ್ದು ಮರದ ಕೇಸುಗಳಲ್ಲಿದ್ದ ಅಚ್ಚಿನ ಮೊಳೆಗಳು. ತೂಗಿದರೆ ನಾನೂರು ಕಿಲೋ ಚಿಲ್ಲರೆ. ಕನ್ನಡ ಮುದ್ರಣದ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು ಮನೆಯಲ್ಲೇ ಇದ್ದಾಳಲ್ಲ ಎಂದು ಅವುಗಳಿಗೊಂದು ಗತಿ ಕಾಣಿಸುವ ಕೆಲಸ ನನ್ನ ತಲೆಗೆ ಬಂತು.

ಮೊಳೆಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದ ಸಂಜೆಯೇ ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳೆಯನೊಬ್ಬ ಫೋನ್ ಮಾಡಿದ. "ಇದು ಮಾಮೂಲಿ ಸೀಸ ಅಲ್ಲ ಕಣೇ, ಚಿನ್ನ. ನಂಗೆ ಇಪ್ಪತ್ತು ಕಿಲೋ ಕೊಡು. ಗುಜರಿಯವನು ಕೊಡೋದರ ಎರಡರಷ್ಟು ಕೊಡ್ತೀನಿ" ಎಂದ. ಅಮೆರಿಕದಲ್ಲಿ ಟೈರಿಗೆ ಹಾಕುವ ಸೀಸದ ತೂಕದ ಬಿಲ್ಲೆಗಳನ್ನೂ ಹಳೆಯ ಅಚ್ಚುಮೊಳೆಗಳನ್ನೂ ಬೆರೆಸಿ ಕರಗಿಸಿ, ಮನೆಯಲ್ಲೇ ಪಿಸ್ತೂಲಿನ ಗುಂಡು ಎರಕ ಹೊಯ್ಯುವ ಹವ್ಯಾಸಿಗಳಿದ್ದಾರಂತೆ. ತಾನೂ ಒಮ್ಮೆ ಮಾಡಿ ನೋಡಬೇಕಂತೆ. "ಪಿಸ್ತೂಲು ಎಲ್ಲಿದೆ?" ಅಂದೆ. "ಅದೆಲ್ಲಾ ಆಮೇಲೆ" ಎಂದು ನಕ್ಕ.

ಇಲ್ಲ ಅನ್ನಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಕಾನೂನೇ ನನ್ನ ಪರವಾಗಿ ಯೋಚಿಸಿ ಮುಗಿಸಿತ್ತು. ನನ್ನ ಕಷ್ಟ ಶುರುವಾದದ್ದು ಆ ರಾತ್ರಿ. ಅವನಿಗೆ ಕೊಡದ ಮೊಳೆಗಳನ್ನು ಮಾರನೇ ದಿನ ನಾಯಂಡಹಳ್ಳಿಯ ಗುಜರಿಗೆ ಕೊಡುವವಳಿದ್ದೆ. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ? ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ನನ್ನ ಸಮಾಧಾನವಾಗಿತ್ತು.

ಗೆಳೆಯ ಹೇಳಿದ್ದರಲ್ಲಿ ಒಂದು ಮಾತು ನಿಜ. ಅಚ್ಚಿನ ಮೊಳೆ ಬರೀ ಸೀಸವಲ್ಲ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ, ಉಗುರಿನಿಂದ ಗೀರಿದರೆ ಗೆರೆ ಬೀಳುವ ಮೆತ್ತನೆಯ ಲೋಹ. ಅದಕ್ಕೆ ಆಂಟಿಮನಿ ಸೇರಿಸಿದರೆ ಗಟ್ಟಿಯಾಗುತ್ತದೆ, ಆರುವಾಗ ಹೆಚ್ಚು ಕುಗ್ಗುವುದಿಲ್ಲ. ತವರ ಸೇರಿಸಿದರೆ ಸಲೀಸಾಗಿ ಹರಿದು ಅಚ್ಚಿನ ಮೂಲೆ ಮೂಲೆಯನ್ನೂ ತುಂಬುತ್ತದೆ. ಲೈನೋಟೈಪ್ ಯಂತ್ರದ ಮಿಶ್ರಣದಲ್ಲಿ ನೂರು ಪಾಲಿಗೆ ಸುಮಾರು 84 ಸೀಸ, 12 ಆಂಟಿಮನಿ, 4 ತವರ ಇರುತ್ತಿತ್ತು. ಕೈಯಿಂದ ಜೋಡಿಸುವ ಮೊಳೆಗೆ ಆಂಟಿಮನಿ ಇನ್ನೂ ಹೆಚ್ಚು. ನಮ್ಮ ಒತ್ತಕ್ಷರಗಳ ಸಣ್ಣ ಕೊಂಡಿಗಳು ಸಾವಿರ ಸಲ ಒತ್ತಿದರೂ ಸವೆಯದೆ ಉಳಿದದ್ದು ಈ ಗುಣದಿಂದ. ಗುಂಡು ಎರಕ ಹೊಯ್ಯುವವರಿಗೂ ಬೇಕಾದದ್ದು ಇದೇ: ಅಚ್ಚನ್ನು ತುಂಬಬೇಕು, ಆಕಾರ ಕೆಡಬಾರದು, ನಳಿಗೆಯೊಳಗೆ ಮೆತ್ತಿಕೊಳ್ಳಬಾರದು. ಒಳ್ಳೆಯ ಅಕ್ಷರದ ಗುಣವೂ ಒಳ್ಳೆಯ ಗುಂಡಿನ ಗುಣವೂ ಲೋಹದ ಮಟ್ಟಿಗೆ ಹತ್ತಿರ ಹತ್ತಿರ ಒಂದೇ.

ಹಾಗಾದರೆ ತಪ್ಪು ಲೋಹದ್ದಲ್ಲ, ಅಚ್ಚಿನದು ಎಂದುಕೊಂಡೆ. ಅದೂ ಪೂರ್ತಿ ನಿಲ್ಲಲಿಲ್ಲ. 1776ರ ಜುಲೈಯಲ್ಲಿ, ಸ್ವಾತಂತ್ರ್ಯ ಘೋಷಣೆಯನ್ನು ಓದಿದ್ದು ಕೇಳಿದ ನ್ಯೂಯಾರ್ಕಿನ ಜನ ಮೂರನೇ ಜಾರ್ಜ್ ದೊರೆಯ ಸೀಸದ ಪ್ರತಿಮೆಯನ್ನು ಉರುಳಿಸಿದರು. ಅದರ ಸೀಸದಿಂದ ಲಿಚ್‌ಫೀಲ್ಡ್ ಎಂಬ ಊರಿನ ಹೆಂಗಸರು, ಮಕ್ಕಳು ಸೇರಿ 42,088 ಗುಂಡು ಎರಕ ಹೊಯ್ದರೆಂದು ಲೆಕ್ಕವಿದೆ. ಅವರನ್ನು ಚರಿತ್ರೆ ಅಪರಾಧಿಗಳೆಂದು ಕರೆಯುವುದಿಲ್ಲ. ಪ್ರತಿಮೆ ಗುಂಡಾದದ್ದೇ ಪಾಪವಲ್ಲ, ಮೊಳೆ ಮೊಳೆಯಾಗಿ ಉಳಿದದ್ದೇ ಪುಣ್ಯವೂ ಅಲ್ಲ.

ಆದರೂ ನನಗೆ ಸಮಾಧಾನವಾಗದ್ದಕ್ಕೆ ಕಾರಣವಿದೆ. ವಿಜಯನಗರದಿಂದ ಜ್ಞಾನಭಾರತಿಗೆ ದಿನವೂ ಮೆಟ್ರೋದಲ್ಲಿ ಹೋಗುತ್ತೇನೆ. ಜ್ಞಾನಭಾರತಿಗೆ ಮುಂಚಿನ ನಿಲ್ದಾಣ ರಾಜರಾಜೇಶ್ವರಿ ನಗರ. 2017ರ ಸೆಪ್ಟೆಂಬರ್ 5ರ ರಾತ್ರಿ ಅಲ್ಲಿ ತಮ್ಮ ಮನೆಯ ಬಾಗಿಲಲ್ಲೇ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಅದಕ್ಕೆ ಎರಡು ವರ್ಷ ಮೊದಲು, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರು. ಒಬ್ಬರು ಪತ್ರಿಕೆ ನಡೆಸುತ್ತಿದ್ದವರು, ಇನ್ನೊಬ್ಬರು ಶಾಸನ, ವಚನಗಳನ್ನು ಓದುತ್ತಾ ಬದುಕಿದವರು. ಎರಡೂ ಕಡೆ ಬಳಕೆಯಾದದ್ದು ನಾಡ ಪಿಸ್ತೂಲು ಎಂದು ತನಿಖೆ ಹೇಳಿತು. ಆ ಗುಂಡುಗಳಿಗೂ ಯಾವ ಪ್ರೆಸ್ಸಿನ ಮೊಳೆಗಳಿಗೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ನಿಲ್ದಾಣದಲ್ಲಿ ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತು, 'ನಾನು ಮಾರಿದ್ದು ಎಲ್ಲಿಗೆ ಹೋಯಿತೋ ನನಗೇಕೆ' ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.

ಇದನ್ನೆಲ್ಲ ದೊಡ್ಡಪ್ಪನ ಹತ್ತಿರ ಹೇಳಿಕೊಂಡೆ. ಅವರು ಕೇಸಿನಿಂದ ಒಂದು ಮೊಳೆ ಎತ್ತಿ ಬೆರಳ ನಡುವೆ ತಿರುಗಿಸುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನಗೆ ಗೊತ್ತಿಲ್ಲದ ಒಂದು ಕತೆ ಹೇಳಿದರು. ತೊಂಬತ್ತರ ದಶಕದಲ್ಲಿ ಯಾರೋ ಒಂದು ಕರಪತ್ರ ಅಚ್ಚು ಹಾಕಿಸಲು ಬಂದಿದ್ದರಂತೆ. ಅಕ್ಕಪಕ್ಕದ ಬೀದಿಯವರ ಮೇಲೆಯೇ ವಿಷ ಕಾರುವ ಬರಹ. ಕೈಯಲ್ಲಿ ಕೆಲಸವಿರಲಿಲ್ಲ, ದುಡ್ಡು ಮುಂಗಡವಾಗಿ ಕೊಟ್ಟರು, ಜೋಡಿಸಿಕೊಟ್ಟೆ ಎಂದರು.

"ಕಂಪೋಸಿಟರು ಅಕ್ಷರ ನೋಡ್ತಾನೆ, ಮಾತು ಓದಲ್ಲ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ಸುಳ್ಳು ಕಣಮ್ಮ. ಉಲ್ಟಾ ಅಕ್ಷರ ಜೋಡಿಸೋನು ಓದದೆ ಹೆಂಗೆ ಜೋಡಿಸ್ತಾನೆ? ಬೇರೆಯವರು ಒಂದು ಸಲ ಓದಿದ್ರೆ ನಾನು ಎರಡು ಸಲ ಓದಿರ್ತೀನಿ."

ಅಕ್ಷರಗಳನ್ನು ನಿರಪರಾಧಿಗಳೆಂದು ನಂಬಿ ಸಂಶೋಧನೆ ಮಾಡುತ್ತಿದ್ದ ನನಗೆ ಆ ಮಾತು ಚುಚ್ಚಿತು. ಗುಂಡಾಗದೆಯೂ ಈ ಮೊಳೆಗಳು ಕೇಡು ಮಾಡಿದ್ದವು. ಬುದ್ಧ ತನ್ನ ಗೃಹಸ್ಥ ಅನುಯಾಯಿಗಳಿಗೆ ಬೇಡವೆಂದ ವ್ಯಾಪಾರಗಳು ಐದು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಆ ಪಟ್ಟಿ ಹೇಳುವುದು ಕೊಲ್ಲುವವನ ಬಗ್ಗೆಯಲ್ಲ, ಮಾರುವವನ ಬಗ್ಗೆ. ಕೊನೆಯ ಕೈ ಮಾಡುವ ಕೆಲಸದಲ್ಲಿ ಮೊದಲ ಕೈಗೂ ಪಾಲಿದೆ ಎಂಬ ಎಚ್ಚರ ಅಲ್ಲಿದೆ. ಆದರೆ ನನ್ನ ಕೈಯಲ್ಲಿರುವುದು ಆಯುಧವೋ ವಿಷವೋ ಅಕ್ಷರವೋ ಎಂದು ಪಟ್ಟಿ ಹೇಳಿಕೊಡುವುದಿಲ್ಲ. ಸೀಸ ಮೂರೂ ಆಗಬಲ್ಲದು. ಅದನ್ನು ನಾವೇ ಓದಬೇಕು.

ಹಾಗಂತ ಎಷ್ಟು ದೂರ ಓದಲು ಸಾಧ್ಯ? ಕರಗಿದ ಲೋಹಕ್ಕೆ ಊರು ಹೆಸರು ಇರುವುದಿಲ್ಲ. ಗುಜರಿಯ ವ್ಯಾಪಾರ ನಡೆಯುವುದೇ ಆ ಮರೆವಿನಿಂದ. ನನ್ನ ಕಣ್ಣು ಹೋಗುವಷ್ಟು ದೂರದವರೆಗಾದರೂ ಕೇಳುವುದು ನನ್ನ ಪಾಲು, ಅದರಾಚೆಯದು ನನ್ನ ಪಾಲಲ್ಲ ಎಂಬಲ್ಲಿಗೆ ಬಂದು ನಿಂತಿದ್ದೇನೆ. ಕೇಳಿದರೆ ಹೊಣೆ ಬರುತ್ತದೆಂದು ಕೇಳದಿರುವುದು, ಓದಿಯೂ ಓದಲಿಲ್ಲವೆಂದ ದೊಡ್ಡಪ್ಪನ ಮಾತಿನಂಥದ್ದೇ.

ಎರಡು ಕೇಸು ಮೊಳೆ ಇಟ್ಟುಕೊಂಡು ಉಳಿದದ್ದನ್ನು ಮಾರಿದೆವು. ಗುಜರಿಯವರನ್ನು ಕೇಳಿದೆ, ಇದು ಎಲ್ಲಿಗೆ ಹೋಗುತ್ತದೆ ಎಂದು. "ಬ್ಯಾಟರಿಯವರಿಗೆ ಮೇಡಂ, ಸೀಸ ಎಲ್ಲಾ ಅಲ್ಲಿಗೇ" ಎಂದರು. ಜಗತ್ತಿನ ಬಹುಪಾಲು ಸೀಸ ಹೋಗುವುದು ಬ್ಯಾಟರಿಗೇ, ಆದ್ದರಿಂದ ನಿಜವಿರಬಹುದು. ಹಳೆಯ ಬ್ಯಾಟರಿಗಳನ್ನು ಹಿತ್ತಿಲಲ್ಲಿ ಕರಗಿಸುವ ಕಡೆ ಆ ಹೊಗೆ ಮಕ್ಕಳ ರಕ್ತ ಸೇರುತ್ತದೆ ಎಂಬುದೂ ನಿಜ. "ಕರಗಿಸೋದು ಎಲ್ಲಿ?" ಎಂದು ಮತ್ತೆ ಕೇಳಿದೆ. ಅವರು ತಕ್ಕಡಿಯಿಂದ ತಲೆಯೆತ್ತಿ ನನ್ನನ್ನು ನೋಡಿದರು. ಉತ್ತರ ಹೇಳಲಿಲ್ಲ. ದುಡ್ಡು ಎಣಿಸಿ ಕೊಟ್ಟರು, ನಾನು ತೆಗೆದುಕೊಂಡೆ.