ಹಳೆಯ ಮನೆ ಯಾರಿಗಾಗಿ ಉಳಿಯಬೇಕು?

ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿ ಕಲ್ಲು ಮಣ್ಣಿನ ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಬಳಕೆಯಲ್ಲಿಡುವ ಕೆಲಸವನ್ನು 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಮಾಡುತ್ತ ಬಂದಿದೆ. ಊರಿನ ಮಹಿಳೆಯರಿಗೆ ಬಾಳೆನಾರಿನ ಕೈಕೆಲಸದಿಂದ ದುಡಿಮೆ ಸಿಕ್ಕಿದ್ದೂ ಈ ಸಂಸ್ಥೆಯಿಂದಲೇ.

ಇದು ಮೆಚ್ಚತಕ್ಕದ್ದೇ. ಆದರೂ ಒಂದು ಪ್ರಶ್ನೆ ಕಾಡುತ್ತದೆ. ಮಣ್ಣಿನ ಮಾಳಿಗೆಗೆ ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕಬೇಕು, ಇಲ್ಲದಿದ್ದರೆ ಸೋರುತ್ತದೆ. ಸೋರುವ ಸೂರಿನಡಿ ಮಕ್ಕಳನ್ನು ಮಲಗಿಸುವ ತಾಯಿ ಆರ್‌ಸಿಸಿ ಮನೆ ಬಯಸಿದರೆ ಅದು ಪರಂಪರೆಗೆ ಬಗೆದ ದ್ರೋಹವೇ? ಎರಡು ದಿನ ತಂಗಿ, ಫೋಟೊ ತೆಗೆದುಕೊಂಡು ಹೊರಡುವ ನಮಗೆ ಆಕೆಯನ್ನು ತಡೆಯುವ ಹಕ್ಕೆಲ್ಲಿದೆ?

ಹೊಳೆಯಾಚೆಯ ಹಂಪಿಯನ್ನೇ ನೋಡಿ. 2011ರ ಜುಲೈನಲ್ಲಿ ಸ್ಮಾರಕ ರಕ್ಷಣೆಗೆಂದು ಬಜಾರಿನ ಮನೆ, ಅಂಗಡಿಗಳನ್ನು ಕೆಡವಲಾಯಿತು. ಸಾಲುಮಂಟಪಗಳಿಗೆ ಹಾನಿಯಾಗುತ್ತಿತ್ತು ಎಂಬುದು ಸುಳ್ಳಲ್ಲ. ಆದರೆ ಕಲ್ಲು ಉಳಿಯಿತು, ಅಲ್ಲಿ ಒಲೆ ಹಚ್ಚುತ್ತಿದ್ದವರು ಹೊರಬಿದ್ದರು.

ಮನೆ ಉಳಿಯಲಿ ಎನ್ನುವವರು ಅದರ ಭಾರದಲ್ಲೂ ಪಾಲು ಹೊರಬೇಕಲ್ಲವೇ? ಮಳೆಗೆ ಮುಂಚೆ ಮಣ್ಣಿನ ಬುಟ್ಟಿ ಹೊತ್ತು ಮಾಳಿಗೆ ಏರುವ ಸ್ವಯಂಸೇವಕ, ‘ಇದನ್ನ ಕೆಡವಬ್ಯಾಡ್ರಿ ಅಕ್ಕಾರ’ ಎಂದು ಕೇಳಬಹುದು. ಆಗಲೂ ಒಪ್ಪುವುದು, ಬಿಡುವುದು ಆಕೆಗೆ ಸೇರಿದ್ದು.